ಅವರ ಹೆಸರಿನ ಬೋನಸ್ಸು

"ಬೋನಸ್ ಸಾರ್ ಪೇರ್‌ಲ ಇರುಕ್ಕು ಮೇಡಂ. ಸಾರ್ ಇಲ್ಲೇನ್ನಾ ಬೋನಸ್ಸೂ ಇಲ್ಲೆ," ಎಂದಳು ಫೋನಿನಲ್ಲಿ ಇನ್ಶೂರೆನ್ಸ್ ಕಂಪನಿಯ ಹುಡುಗಿ. ಬೋನಸ್ಸು ಇದ್ದದ್ದು ನನ್ನ ಯಜಮಾನರ ಹೆಸರಿನಲ್ಲಿ, ಅವರು ಹೋದ ಮೇಲೆ ಅದೂ ಹೋಯಿತು ಎಂದು ಅದರ ಅರ್ಥ. ಅವಳ ತಪ್ಪಲ್ಲ, ಪಾಪ, ಕಂಪ್ಯೂಟರಿನಲ್ಲಿ ಕಂಡದ್ದನ್ನು ಓದಿದಳು. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಆ ಬೋನಸ್ಸನ್ನು ಯಾತಕ್ಕಮ್ಮಾ ಕೊಡುತ್ತೀರಿ ಎಂದು ಕೇಳಿದೆ. ಒಂದೂ ಕ್ಲೇಮ್ ಮಾಡದೆ ಜಾಗ್ರತೆಯಾಗಿ ಗಾಡಿ ಓಡಿಸಿದವರಿಗೆ ಅಂದಳು. ಓಡಿಸಿದವಳು ನಾನು ಅಂದೆ. ಅವಳು, "ಸಿಸ್ಟಮ್‌ಲ ಅಪ್ಪಡಿ ಇಲ್ಲೆ ಮೇಡಂ," ಎಂದಳು.

ಸಿಸ್ಟಮ್ಮಿನಲ್ಲಿ ಹೇಗಿರುತ್ತದೆ? ನಮ್ಮ ಮನೆಯಲ್ಲೇ ಇರಲಿಲ್ಲ.

ಕಾರು ಕೊಂಡದ್ದು ನನ್ನ ಸಂಬಳದಿಂದ. ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನ ಪಾಳಿಯವಳು. ಜನ ಬರಿಹೊಟ್ಟೆಯಲ್ಲಿ ರಕ್ತ ಕೊಡಲು ಬರುವ ಹೊತ್ತಿಗೆ ನಾನು ಅಲ್ಲಿರಬೇಕು. ಆ ಹೊತ್ತಿನಲ್ಲಿ ಮೈಲಾಪೂರಿನ ಆಟೋದವರು ಕೇಳುವ ಬಾಡಿಗೆಗೆ ಬೇಸತ್ತು ಕಾರು ಕಲಿತೆ. ಕಲಿತು, ಸಾಲ ಹಾಕಿ, ಕಾರು ಬುಕ್ ಮಾಡಿ ಬಂದ ದಿನ ಅತ್ತೆ ಜಾತಕ ತೆಗೆದರು. ನಮ್ಮದು ಮೈಸೂರು ಕಡೆಯಿಂದ ಬಂದು ಮದ್ರಾಸಿನಲ್ಲೇ ತಲೆಮಾರು ಕಳೆದ ಮನೆ. ಮಾತಿನಲ್ಲಿ ಅರ್ಧ ತಮಿಳು ಸೇರಿಕೊಂಡರೂ ಜಾತಕ ತೋರಿಸುವುದು ಮಾತ್ರ ಊರಿನ ಜೋಯಿಸರಿಗೇ ಆಗಬೇಕು. ಜೋಯಿಸರು ಫೋನಿನಲ್ಲಿ ಹೇಳಿದರಂತೆ: ಮಗನಿಗೆ ಬಲವಾದ ವಾಹನ ಯೋಗವಿದೆ, ಗಾಡಿ ಅವನ ಹೆಸರಿನಲ್ಲೇ ಆಗಲಿ.

"ನಿನಗೆ ವಾಹನ ಯೋಗ ಇಲ್ವಂತೆ ಕಣೇ. ಅವನ ಹೆಸರಿಗೇ ಮಾಡ್ಸು. ಯಾರ ಹೆಸರಾದ್ರೇನು, ಮನೆ ಮುಂದೆ ತಾನೆ ನಿಲ್ಲೋದು?" ಎಂದರು ಅತ್ತೆ.

ನಾನೂ ಹೂಂ ಅಂದೆ. ಮನೆಗೆ ಹೊಸದಾಗಿ ಬರುವ ವಸ್ತುವಿನ ಮೇಲೆ ಜಗಳವಾಡಿ ಅಪಶಕುನ ಯಾಕೆ ಮಾಡಲಿ ಅಂದುಕೊಂಡೆ. ಹೀಗೆ ಕಾರು ಅವರ ಹೆಸರಿಗಾಯಿತು, ವಿಮೆಯೂ ಅವರ ಹೆಸರಿಗೇ ಆಯಿತು.

ಆ ಬಲವಾದ ವಾಹನ ಯೋಗದ ಮನುಷ್ಯನಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಡ್ರೈವಿಂಗ್ ಸ್ಕೂಲಿಗೇನೋ ಸೇರಿದ್ದರು. ಲಸ್ ಕಾರ್ನರಿನಲ್ಲಿ ಗಾಡಿ ಆಫ್ ಆಗಿ, ಹಿಂದಿನಿಂದ ಎರಡು ಬಸ್ಸು ಹಾರ್ನ್ ಹೊಡೆದದ್ದಕ್ಕೆ ಬಾಗಿಲು ತೆಗೆದು ಇಳಿದು ಮನೆಗೆ ನಡೆದುಕೊಂಡು ಬಂದುಬಿಟ್ಟರು. ಕಲಿಸುತ್ತಿದ್ದವನು ಚಪ್ಪಲಿ ತಂದುಕೊಟ್ಟ, ಅದನ್ನೂ ಬಿಟ್ಟು ಬಂದಿದ್ದರು. ಆಮೇಲೆ ಲೈಸೆನ್ಸಿನ ಮಾತೇ ಇಲ್ಲ. ಎಡಗಡೆ ಸೀಟಿನಲ್ಲಿ ಕೂತು, ಅಡ್ಡ ಬಂದ ಆಟೋದವರನ್ನು ಕಿಟಕಿಯಿಂದ ಬೈಯುವುದು ಅವರ ಕೆಲಸ. ಟಿ. ನಗರದಲ್ಲಿ ಅವರು ಕೆಲಸ ಮಾಡುತ್ತಿದ್ದ ಸೀರೆ ಅಂಗಡಿಯ ಮುಂದೆ ಇಳಿಸಿದರೆ, ನಾನು ರಿವರ್ಸ್ ತೆಗೆಯುವವರೆಗೂ ಬಿಸಿಲಲ್ಲಿ ನಿಂತು, "ಬಾ, ಬಾ, ಬಾ, ಸಾಕು" ಎಂದು ಕೈ ಬೀಸುತ್ತಿದ್ದರು. ಒಳ್ಳೆಯ ಮನುಷ್ಯ, ಅದಕ್ಕೆ ಎರಡು ಮಾತಿಲ್ಲ. ನನ್ನ ಸಿಟ್ಟು ಅವರ ಮೇಲಲ್ಲ.

ಆದರೆ ಕ್ಲೇಮ್ ಇಲ್ಲದ ಆ ವರ್ಷಗಳು ಸುಮ್ಮನೆ ಬಂದವೇ? ಚೆನ್ನೈಯಲ್ಲಿ ಕಾರ್ತಿಕದ ಮಳೆ ಶುರುವಾದರೆ ಕಾರು ಇಟ್ಟುಕೊಂಡವರಿಗೆ ನಿದ್ದೆಯಿಲ್ಲ. ಟೀವಿಯಲ್ಲಿ ಜೋರು ಮಳೆಯ ಎಚ್ಚರಿಕೆ ಬಂದ ಕೂಡಲೇ ನಾನು ಕಾರನ್ನು ಮೇಲ್ಸೇತುವೆಯ ಮೇಲೆ ಸಾಲಿನಲ್ಲಿ ನಿಲ್ಲಿಸಿ, ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ವಾಪಸ್ಸು ನಡೆದು ಬರುತ್ತಿದ್ದೆ. ಪೊಲೀಸರು ಬೈದರೆ ಬೈಸಿಕೊಂಡೆ. ಕೆಳಗೆ ನಿಲ್ಲಿಸಿದವರ ಇಂಜಿನ್ನಿಗೆ ನೀರು ನುಗ್ಗಿ ಎಷ್ಟು ಜನ ಅತ್ತದ್ದನ್ನು ನೋಡಿದ್ದೇನೆ. ಒಮ್ಮೆ ನೀರಿನ ಡ್ರಮ್ಮು ಹೊತ್ತ ಮೂರು ಚಕ್ರದ ಗಾಡಿಯೊಂದು ಬಾಗಿಲಿಗೆ ಗೀರಿತು. ಶೋರೂಮಿನವನು, "ಕ್ಲೇಮ್ ಪೋಡುಂಗ ಮೇಡಂ, ಫುಲ್ ಪೇಂಟ್ ಫ್ರೀ" ಎಂದು ಹಲ್ಲು ಕಿರಿದ. ಫ್ರೀ ಅಂತೆ! ಆ ಒಂದು ಕ್ಲೇಮಿಗೆ ಬೋನಸ್ಸೆಲ್ಲ ಹೋಗಿ ಮುಂದಿನ ವರ್ಷ ಪ್ರೀಮಿಯಂ ಏರುವುದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಗೀರನ್ನು ಹಾಗೇ ಬಿಟ್ಟೆ, ಈಗಲೂ ಇದೆ.

ಇಷ್ಟೆಲ್ಲ ಮಾಡಿ ಗಳಿಸಿದ್ದು, ಯಜಮಾನರು ಬೇಸಿಗೆಯಲ್ಲಿ ಹೃದಯಾಘಾತದಿಂದ ತೀರಿಕೊಂಡ ಮೇಲೆ, ನನ್ನ ಹೆಸರಿನಲ್ಲಿ ಸೊನ್ನೆ ಎಂದು ಬಂತು. ಮಗಳು ಬಂದು ಕೂತಳು. ಅವಳು ಇಲ್ಲೇ ಹಲ್ಲಿನ ಡಾಕ್ಟರು, ಕನ್ನಡದಲ್ಲಿ ಕೇಳಿದರೆ ಅರ್ಧ ತಮಿಳಿನಲ್ಲಿ ಉತ್ತರ ಕೊಡುವವಳು. "ಕಾಮ್ ಡೌನ್ ಅಮ್ಮಾ, ಕಂಪೇರ್ ಪಣ್ಣಿ ಪಾಕ್ಕಲಾಂ," ಎಂದು ಬೇರೆ ಬೇರೆ ಕಂಪನಿಗಳ ದರಗಳನ್ನು ಫೋನಿನಲ್ಲಿ ತೆರೆದಳು. ಒಬ್ಬನದು ಕಡಿಮೆ ಎಂದು ಖುಷಿಪಟ್ಟರೆ, ಕಾರು ಪೂರ್ತಿ ಹಾಳಾದಾಗ ಕೊಡಬೇಕಾದ ಬೆಲೆಯನ್ನೇ ಇಳಿಸಿರುತ್ತಾನೆ. ಇನ್ನೊಬ್ಬ ನೀರು ನುಗ್ಗಿದ ಇಂಜಿನ್ನಿನ ರಕ್ಷಣೆಯನ್ನೇ ತೆಗೆದುಹಾಕಿದ್ದಾನೆ, ಈ ಊರಿನಲ್ಲಿ! ಅದನ್ನು ಸೇರಿಸಿದರೆ ಅವನೂ ಉಳಿದವರ ಸಮಕ್ಕೆ ಬಂದ. ಎಲ್ಲರೂ ಕೇಳುವ ಪ್ರಶ್ನೆ ಮಾತ್ರ ಒಂದೇ: ಮಾಲೀಕರು ಬದಲಾಗಿದ್ದಾರೆಯೇ? ಮಗಳು 'ಇಲ್ಲ' ಒತ್ತಿದಳು, ದರ ಇಳಿಯಿತು. 'ಹೌದು' ಒತ್ತಿದಳು, ಜಿಗಿಯಿತು. ಅದೇ ಕಾರು, ಅದೇ ಬೀದಿ, ಸ್ಟೀರಿಂಗ್ ಹಿಡಿಯುವವಳೂ ಅದೇ ನಾನು. ಅಪಘಾತ ಆದದ್ದು ನಮ್ಮ ಮನೆಗೆ, ಕಾರಿಗಲ್ಲವಲ್ಲ!

"'ಇಲ್ಲ' ಅಂತಲೇ ಒತ್ತಿಬಿಡೋಣ್ವಾ?" ಎಂದೆ.

"ನಾಳೆ ಏನಾದ್ರೂ ಆದ್ರೆ ಒಂದು ಪೈಸಾ ಬರಲ್ಲಮ್ಮಾ," ಎಂದಳು ಮಗಳು.

ಹಳೆಯ ಪಾಲಿಸಿಯನ್ನು ಅವಳು ಓದುತ್ತಾ ಹೋದಾಗ ಇನ್ನೊಂದು ಹೊರಬಿತ್ತು. ಪ್ರತಿ ವರ್ಷ ಮಾಲೀಕ-ಚಾಲಕರಿಗೆ ಅಪಘಾತ ವಿಮೆ ಎಂದು ಒಂದಿಷ್ಟು ಹಣ ಕಟ್ಟುತ್ತಿದ್ದೆವು. ಆ ಮಾಲೀಕರಿಗೆ ಲೈಸೆನ್ಸ್ ಇದ್ದರೆ ಮಾತ್ರ ಅದು ನಡೆಯುವುದಂತೆ. ಅಂದರೆ ಓಡಿಸಲು ಬಾರದ ಗಂಡನ ಹೆಸರಿನಲ್ಲಿ, ಬರಲಾರದ ಹಣಕ್ಕೆ, ಓಡಿಸುವ ಹೆಂಡತಿ ದುಡ್ಡು ಕಟ್ಟಿದ್ದಳು. ನನಗೇನಾದರೂ ಆಗಿದ್ದರೆ ಆ ವಿಮೆಯಿಂದ ಬಿಡಿಗಾಸೂ ಇಲ್ಲ. ಇದಕ್ಕೆ ಏನನ್ನೋಣ ಹೇಳಿ! ಪ್ರತಿ ವರ್ಷ ಈ ಪಾಲಿಸಿಯನ್ನು ಮಾಡಿಸಿ ತಂದುಕೊಡುತ್ತಿದ್ದವನು ನನ್ನ ಮೈದುನ. ಗಾಡಿಯ ಕಾಗದಪತ್ರ ಗಂಡಸರು ನೋಡಿಕೊಳ್ಳುತ್ತಾರೆ ಎನ್ನುವುದು ನಮ್ಮ ಮನೆಯ ಕಟ್ಟಳೆ. ಅಣ್ಣನಿಗೆ ಲೈಸೆನ್ಸ್ ಇಲ್ಲವೆಂದು ಅವನಿಗೂ ನೆನಪಾಗಲಿಲ್ಲ.

ಅದೇ ಮೈದುನ ಭಾನುವಾರ ಬಂದು ಕೂತ. "ಅತ್ತಿಗೆ, ಈ ವಯಸ್ಸಲ್ಲಿ ನಿಮಗ್ಯಾಕೆ ಕಾರಿನ ತಲೆನೋವು? ಪ್ರೀಮಿಯಂ ನೋಡಿದ್ರಲ್ಲ. ಮಾರಿಬಿಡೋಣ, ನನ್ನ ಫ್ರೆಂಡೊಬ್ಬ ಕೇಳ್ತಿದ್ದಾನೆ. ಫೋನಲ್ಲಿ ಕರೆದ್ರೆ ಟ್ಯಾಕ್ಸಿ ಮನೆ ಬಾಗ್ಲಿಗೇ ಬರುತ್ತೆ."

ಅವನಿಗೆ ಅದು ಬರಿಯ ಲೆಕ್ಕ. ನಾನು ಈಗಲೂ ಲ್ಯಾಬಿಗೆ ಹೋಗುತ್ತೇನೆ. ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಬಾಗಿಲು ಎಳೆದುಕೊಂಡು ಹೊರಡುವುದೊಂದೇ ನನಗೆ ಉಳಿದಿರುವುದು. ಕಾರು ಹೋದರೆ ಬೆಳಗಿನ ಪಾಳಿ ಹೋಗುತ್ತದೆ, ಆಮೇಲೆ ಕೆಲಸವೂ ಹೋಗುತ್ತದೆ, ನಾನು ಹಾಲ್‌ನಲ್ಲಿ ಯಜಮಾನರ ಫೋಟೋದ ಮುಂದೆ ಕೂತಿರುತ್ತೇನೆ. ಕೊಡುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವನು ತಾಯಿಯ ಕಡೆ ನೋಡಿದ. ಅತ್ತೆ ಎದ್ದು ಒಳಗೆ ಹೋದರು.

ಮರುದಿನ ರಜೆ ಹಾಕಿ ಕಂಪನಿಯ ಕಚೇರಿಗೇ ಹೋದೆ. ಅಲ್ಲಿನ ಮ್ಯಾನೇಜರು ಸಣ್ಣ ವಯಸ್ಸಿನವನು, ಮರ್ಯಾದಸ್ಥ. ಫೋನಿನ ಹುಡುಗಿ ಹೇಳದ ವಿಷಯ ಅವನು ಹೇಳಿದ. ಕಾರು ಹೊರಗಿನವರ ಪಾಲಾದರೆ ಬೋನಸ್ಸಿಲ್ಲ ನಿಜ, ಆದರೆ ಮಾಲೀಕರು ತೀರಿಕೊಂಡು ಕಾರು ಹೆಂಡತಿಗೆ ಬಂದರೆ ಬೋನಸ್ಸೂ ಅವಳಿಗೆ ಬರಬಹುದು. ಅದಕ್ಕೆ ಮೊದಲು ಆರ್‌ಟಿಓದಲ್ಲಿ ಕಾರು ನನ್ನ ಹೆಸರಿಗಾಗಬೇಕು. ಹಾಗಾಗಲು ಉಳಿದ ವಾರಸುದಾರರು, ಅಂದರೆ ಮಗಳು ಮತ್ತು ಯಜಮಾನರ ತಾಯಿ, ತಮ್ಮ ಆಕ್ಷೇಪಣೆ ಇಲ್ಲವೆಂದು ಸಹಿ ಮಾಡಬೇಕು. ಎಲ್ಲ ಹೇಳಿ, ನನ್ನನ್ನು ಸಮಾಧಾನ ಮಾಡಲು ಅವನು ನಕ್ಕು, "ಸಾರ್ ರೊಂಬ ನಲ್ಲಾ ಓಟ್ಟಿರುಕ್ಕಾರು ಮೇಡಂ, ಒರು ಕ್ಲೇಮ್ ಕೂಡ ಇಲ್ಲೆ," ಎಂದ. ಯಜಮಾನರು ಬಹಳ ಚೆನ್ನಾಗಿ ಓಡಿಸಿದ್ದಾರಂತೆ!

"ಸಾರ್‌ಗೆ ಸೈಕಲ್ಲೂ ಬರುತ್ತಿರಲಿಲ್ಲಪ್ಪ," ಎಂದು ಅವನಿಗೆ ತಮಿಳಿನಲ್ಲಿ ಹೇಳಿ ಎದ್ದು ಬಂದೆ.

ಮಗಳು ಕೇಳುವ ಮೊದಲೇ ಸಹಿ ಹಾಕಿದಳು. ಉಳಿದದ್ದು ಅತ್ತೆ. ಅವರ ಒಂದು ಸಹಿಯ ಮೇಲೆ ನನ್ನ ಕಾರು ನಿಂತಿತ್ತು. ಮೈದುನ ದಿನಾ ಸಂಜೆ ಫೋನ್ ಮಾಡಿ ಅವರ ಕಿವಿ ಕಚ್ಚುತ್ತಿದ್ದ. "ಹೂಂ ಕಣೋ, ಹೂಂ ಕಣೋ" ಎಂದು ಅವರು ಅನ್ನುವುದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ಸಹಿ ಮಾಡುತ್ತೀರಾ ಎಂದು ಅವರನ್ನು ಕೇಳದೆ ನಾನು ಪಾತ್ರೆಗಳನ್ನು ಕುಕ್ಕಿದೆ. ಹೆದರಿಕೆಯಾಗಿತ್ತು, ಅದಕ್ಕೇ ಕೇಳಲಿಲ್ಲ. ಅವರು ಮಗನನ್ನು ಕಳೆದುಕೊಂಡವರು, ಆ ಕಾರು ಅವರ ಮಗನ ಹೆಸರಿನದು.

ಕೊನೆಗೆ ಒಂದು ಮಧ್ಯಾಹ್ನ ಮೈದುನನೇ ಬಂದ, ಕಾರು ಕೇಳಿದ ಫ್ರೆಂಡನ್ನು ಕರೆದುಕೊಂಡು. ಆ ಮನುಷ್ಯ ಕಾರನ್ನು ಸುತ್ತಿ ನೋಡಿ ಮೇಲೆ ಬಂದು, ಬಾಗಿಲಿನ ಗೀರಿಗೆ ಬೆಲೆ ಇಳಿಸುವ ಮಾತೆತ್ತಿದ. ಸೋಫಾದಲ್ಲಿ ಕೂತು ಹೂವು ಕಟ್ಟುತ್ತಿದ್ದ ಅತ್ತೆ ತಲೆ ಎತ್ತಿದರು.

"ಯಾರ ಕಾರಿಗೋ ನೀನು ಬೆಲೆ ಕಟ್ತಿರೋದು?" ಎಂದು ಮಗನನ್ನು ಕೇಳಿದರು.

"ಅಣ್ಣನ ಕಾರಲ್ವಾಮ್ಮ."

"ನಿಮ್ಮಣ್ಣ ಯಾವತ್ತೋ ಓಡಿಸ್ದ? ನನ್ನ ಕಣ್ಣಿನ ಆಪರೇಷನ್‌ಗೆ ಕರ್ಕೊಂಡ್ಹೋದೋಳು ಅವಳು. ಪ್ರಳಯದ ಹಾಗೆ ಮಳೆ ಬಂದಾಗ ಸೇತುವೆ ಮೇಲೆ ನಿಲ್ಸಿ ನೆನ್ಕೊಂಡು ಬಂದೋಳು ಅವಳು. ಅವನು ಪಕ್ದಲ್ಲಿ ಕೂತು ಕಡ್ಲೆಕಾಯಿ ತಿಂತಿದ್ದ. ನಡಿ, ನಿನ್ನ ಫ್ರೆಂಡಿಗೆ ಕಾಫಿ ಕುಡಿಸಿ ಕಳ್ಸು." ನನ್ನ ಕಡೆ ತಿರುಗಿ, "ಎಲ್ಲಿ ಹಾಕ್ಬೇಕೇ ಸೈನು?" ಎಂದರು. ಕನ್ನಡದಲ್ಲಿ ಸಹಿ ಮಾಡಿದರು. ಮೈದುನ ಕಾಫಿ ಕುಡಿಯದೆ ಹೋದ.

ಕಾರು ನನ್ನ ಹೆಸರಿಗಾಯಿತು. ಬೋನಸ್ಸೂ ಬಂತು, ಮೃತ ಪತಿಯಿಂದ ಪತ್ನಿಗೆ ವರ್ಗವಾದದ್ದು ಎಂದು. ನಾನೇ ಗಳಿಸಿದ್ದನ್ನು ನಾನೇ ಗಂಡನ ಆಸ್ತಿಯಂತೆ ಪಡೆದುಕೊಂಡೆ. ಹೊಸ ಪಾಲಿಸಿ ತರಲು ಹೋದ ದಿನ ಅತ್ತೆ ತಾವೂ ಬರುತ್ತೇನೆಂದರು, ಆಮೇಲೆ ಬೆಸೆಂಟ್ ನಗರದ ಬೀಚಿಗೆ ಹೋಗೋಣ ಎಂದರು. ಯಾವಾಗಲೂ ಹಿಂದೆ ಕೂರುವವರು ಅಂದು ಮುಂದಿನ ಬಾಗಿಲು ತೆಗೆದು ಮಗನ ಸೀಟಿನಲ್ಲಿ ಕೂತರು. ಅಡಯಾರ್ ದಾಟುವಾಗ ನನಗೆ ಮನಸ್ಸು ಹಗುರವಾಗಿ, ತಮಾಷೆಗೆ ಅಂದೆ: "ಅಂತೂ ನೋಡಿ ಅತ್ತೆ, ವಾಹನ ಯೋಗ ಇಲ್ಲದೋಳ ಹೆಸರಿಗೂ ಗಾಡಿ ಬಂತು."

"ನಿನಗಿಲ್ಲ ಅಂತ ಯಾರು ಹೇಳಿದ್ದು?" ಎಂದರು ಅತ್ತೆ.

"ನೀವೇ. ಜೋಯಿಸರು ಹೇಳಿದ್ರು ಅಂತ."

"ಅವರು ನಿನ್ನ ಜಾತಕ ಎಲ್ಲಿ ನೋಡಿದ್ರು? ಫೋನಲ್ಲಿ ಅವನದೊಂದೇ ಓದಿ ಹೇಳಿದ್ದು ನಾನು. ನಿಂದು ಮದುವೆ ಹೊತ್ತಲ್ಲಿ ನೋಡಿದ್ದು, ಆಮೇಲೆ ಯಾರೂ ತೆಗೀಲಿಲ್ಲ. ನಿನಗೆ ಇರಲ್ಲ ಅಂತ ನಾನೇ ಅಂದ್ಕೊಂಡೆ."

ನಾನು ಬ್ರೇಕ್ ಒತ್ತಿಬಿಟ್ಟೆ. ವಾಹನ ಯೋಗ ನನ್ನ ಹಣೆಯಲ್ಲೇ ಬರೆದಿಲ್ಲ ಎಂದು, ಸ್ಟೀರಿಂಗ್ ಹಿಡಿದುಕೊಂಡೇ, ಇಷ್ಟು ವರ್ಷ ನಂಬಿದ್ದೆ. ಯಾರೂ ನೋಡಿರಲೇ ಇಲ್ಲ! ಮದುವೆಯಾಗಿ ಬಂದ ಮೇಲೆ ಮೊದಲ ಬಾರಿಗೆ ಅತ್ತೆಯ ಮೇಲೆ ಕೂಗಾಡಿದೆ, ಏನು ಅಂದೆನೋ ನೆನಪಿಲ್ಲ, ಕಣ್ಣಲ್ಲಿ ನೀರು ಬರುತ್ತಿತ್ತು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಬೈಯಿ, ಬೈಸ್ಕೋಬೇಕಾದ್ದೇ ನಾನು," ಎಂದರು ಆಮೇಲೆ. "ಆದ್ರೆ ಹಿಂದಿನ ಬಸ್ಸಿನೋನು ಹಾರ್ನ್ ಹೊಡೀತಿದ್ದಾನೆ. ನನ್ನ ಮಗನ ಥರ ನೀನೂ ಇಳಿದು ಹೋಗ್ಬೇಡ. ನಂಗೆ ಓಡ್ಸೋಕೆ ಬರಲ್ಲ."

ನಾನು ಮೂಗು ಒರೆಸಿಕೊಂಡು ಫಸ್ಟ್ ಗೇರ್ ಹಾಕಿದೆ.