ಬಾಲ ಕತ್ತರಿಸಿದರೂ ಒಡೆಯದ ಸಂಖ್ಯೆ

ನಮ್ಮ ಲೆಕ್ಕದ ಮೇಡಂ ಅವರ ಎಡಗೈ ಕಿರುಬೆರಳು ಯಾವಾಗಲೂ ಸುಣ್ಣ ಬಳಿದಂತೆ ಬೆಳ್ಳಗಿರುತ್ತಿತ್ತು. ಒಂದು ಅಂಕಿ ಅಳಿಸುವುದಕ್ಕೆ ಡಸ್ಟರ್ ಯಾಕೆ ಎನ್ನುತ್ತಿದ್ದರು. ಕೆ.ಜಿ.ಎಫ್. ಗಣಿ ಕಾರ್ಮಿಕರ ಊರಿಗಾಂ ಲೈನಿನ ಮನೆಯಲ್ಲಿ ತಮಿಳು, ಕಾಲೇಜಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ನಾನು ಬೂದಿಕೋಟೆ ಬಸ್ಸಿನಲ್ಲಿ ಬಂಗಾರಪೇಟೆಯ ಕಾಲೇಜಿಗೆ ಬರುತ್ತಿದ್ದವಳು. ನಮ್ಮ ಮನೆತನದಲ್ಲಿ ಡಿಗ್ರಿಗೆ ಸೇರಿದ್ದು ನಾನೇ ಮೊದಲು. ಮೊದಲ ಪರೀಕ್ಷೆಯಲ್ಲೇ ಲೆಕ್ಕ ಕೈಕೊಟ್ಟಿತು.

"ಬಿಟ್ಬಿಡ್ತೀನಿ ಮೇಡಂ. ಅಮ್ಮನ ಜೊತೆ ಕೂಲಿಗೆ ಓಗ್ತೀನಿ."

ಅವರು ಬೋರ್ಡಿನ ಮೇಲೆ 73939133 ಎಂದು ಬರೆದರು. "ಒಂದು ಬೇಡ, ಇದೇ ಸಂಖ್ಯೆನೂ ಬೇಡ. ಬೇರೆ ಯಾವುದ್ರಿಂದಾದ್ರೂ ಇದನ್ನ ಭಾಗಿಸು. ಶೇಷ ಉಳೀದೆ ಇದ್ರೆ ನಡಿ ಕೂಲಿಗೆ."

ಮನೆಯಲ್ಲಿ ಕೂತು ಒದ್ದಾಡಿದೆ, ಸೋತೆ. ಮರುದಿನ ಅವರು ಕಿರುಬೆರಳಿನಿಂದ ಬಲತುದಿಯ 3 ಅಳಿಸಿದರು. ಉಳಿದದ್ದೂ ಒಡೆಯದ ಸಂಖ್ಯೆಯೇ. ಇನ್ನೊಂದು 3 ಹೋಯಿತು, 1 ಹೋಯಿತು. ಅಳಿಸಿದಷ್ಟೂ ಉಳಿದದ್ದು ಅವಿಭಾಜ್ಯ. ಕೊನೆಗೆ 7 ಒಂದೇ ನಿಂತಿತು. ಅದೂ ಗಟ್ಟಿ.

"ಪಾತ್ತಿಯಾ? ನೋಡಿದ್ಯಾ? ಬಾಲ ಕತ್ತರಿಸ್ಲಿ, ಮಿಕ್ಕಿದ್ದನ್ನ ಒಡೆಯಕ್ಕಾಗಲ್ಲ. ಕೂತ್ಕೊಂಡು ಓದು."

ಓದಿದೆ. ಪಾಸಾದೆ. ಆ ಡಿಗ್ರಿಯಲ್ಲಿ ಅರ್ಧ ಅವರದು.

ಆದರೆ ಅವರು ಅತಿಥಿ ಉಪನ್ಯಾಸಕಿ. ತಲೆ ನರೆತರೂ ಅತಿಥಿ! ಈ ವರ್ಷ ಕಾಯಂ ಆಗುತ್ತದೆ, ಬರುವ ವರ್ಷ ಆಗುತ್ತದೆ ಎಂದು ಕಾದರು. ಆಗಲಿಲ್ಲ. ಪೀರಿಯಡ್ಡುಗಳು ಕಡಿಮೆಯಾದವು, ರಜೆಯ ಸಂಬಳ ನಿಂತಿತು, ಸ್ಟಾಫ್ ರೂಮಿನ ಕುರ್ಚಿಯೂ ಬೇರೆಯವರದಾಯಿತು. ನಾನು ಎಂ.ಎಸ್ಸಿ. ಓದುವಾಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಗುತ್ತಿದ್ದರು. ದೂರದಿಂದಲೇ ಕಿರುಬೆರಳು ಎತ್ತಿ, "ಇನ್ನೊಂದು ಅಂಕಿ ಹೋಯ್ತಮ್ಮಾ! ಮೇಡಂ ಇನ್ನೂ ಗಟ್ಟಿ," ಎಂದು ನಗುತ್ತಿದ್ದರು.

ಒಂದು ದಿನ ಕೇಳಿದೆ: "ಬರೀ ಅಳಿಸೋದೇ ಆಯ್ತಲ್ಲ ಮೇಡಂ. ಆ ಸಂಖ್ಯೆ ಬಲಗಡೆಗೆ ಒಂದು ಅಂಕಿ ಸೇರ್ಸಿದ್ರೆ?"

ಅವರ ನಗು ನಿಂತಿತು. "ಸೇರ್ಸಕ್ಕಾಗಲ್ಲ. ಸೊನ್ನೆಯಿಂದ ಒಂಬತ್ತರವರೆಗೂ ಯಾವುದನ್ನ ಇಟ್ರೂ ಒಡೆದೋಗುತ್ತೆ. ಅದು ಕತ್ತರಿಸೋರಿಗೆ ಅಂತಾನೇ ಹುಟ್ಟಿರೋ ಸಂಖ್ಯೆ ಕಣಮ್ಮಾ."

ಕೆ.ಜಿ.ಎಫ್. ಕಡೆಯ ರೈಲು ಬಂತು. ತಿರುಗಿ ನೋಡದೆ ಹತ್ತಿದರು.

ಹೋದ ವರ್ಷ ಕಾಯಿಲೆ ಬಿದ್ದು ತೀರಿಕೊಂಡರು, ಅತಿಥಿಯಾಗಿಯೇ. ಸಂತಾಪ ಸಭೆಯಲ್ಲಿ ಕಾಲೇಜಿನವರು 'ತುಂಬಲಾರದ ನಷ್ಟ' ಎಂದರು. ಮುಂದಿನ ವಾರವೇ ತುಂಬಿಕೊಂಡರು, ನನ್ನಿಂದ. ಅದೇ ಪೀರಿಯಡ್ಡು, ಅದೇ ಅತಿಥಿ ಪಟ್ಟ. "ನಮ್ಮುಡ್ಗಿ ಕಾಲೇಜಲ್ಲಿ ಪಾಠ ಮಾಡ್ತಾಳೆ ಕಣ್ಲಾ," ಎಂದು ಅಮ್ಮ ಸಿಕ್ಕವರಿಗೆಲ್ಲ ಹೇಳಿದಳು. ನನಗೂ ಹೆಮ್ಮೆಯಾಗದೆ ಇರಲಿಲ್ಲ.

ಮೊನ್ನೆ ತರಗತಿಯಲ್ಲಿ ಆ ಸಂಖ್ಯೆ ಬರೆದು, ಒಂದೊಂದೇ ಅಂಕಿ ಅಳಿಸುತ್ತಾ ಏಳಕ್ಕೆ ತಂದೆ. ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸೇರ್ಸಿದ್ರೆ ಏನಾಗುತ್ತೆ ಮೇಡಂ?"

"ನೀನೇ ಸೇರ್ಸಿ ನೋಡೇ," ಎಂದೆ. ಅವಳು ಉತ್ಸಾಹದಿಂದ ತಲೆ ಬಗ್ಗಿಸಿ ಲೆಕ್ಕ ಹಾಕತೊಡಗಿದಳು. ನನ್ನ ಕಿರುಬೆರಳು ಬೆಳ್ಳಗಾಗಿತ್ತು.