ಎದುರು ಕೌಂಟರಿನ ಫೋನು

ಆ ಮೂರು ಮಹಡಿಯ ಅಂಗಡಿಯಲ್ಲಿ ಅವಳ ಹೆಸರು ಹಿಡ್ನೋಡಕ್ಕ. ಗಿರಾಕಿ ಬಂದು ಕ್ಯಾಮೆರಾ ಹೇಗೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಎಂದು ಶುರುಮಾಡಿದರೆ ಅವಳು ಅರ್ಧಕ್ಕೇ ತಡೆಯುತ್ತಿದ್ದಳು. "ಅದೆಲ್ಲ ಡಬ್ಬದ ಮೇಲೆ ಬರೆದಿದ್ದಾರೆ, ಆಮೇಲೆ ಓದ್ಕೊಳ್ಳಿ. ಮೊದಲು ಕೈಯಲ್ಲಿ ಹಿಡಿದು ನೋಡಿ." ಹೆಬ್ಬೆರಳು ಮೇಲಿನ ಮೂಲೆಗೆ ಎಟಕುತ್ತದೆಯೇ ಎಂದು ನೋಡಿಸುತ್ತಿದ್ದಳು. ಬಾಗಿಲ ತನಕ ಕರೆದೊಯ್ದು ಬಿಸಿಲಿಗೆ ಹಿಡಿಸಿ ಅಕ್ಷರ ಕಾಣುತ್ತದೆಯೇ ಎಂದು ಕೇಳುತ್ತಿದ್ದಳು. ಪ್ಯಾಂಟಿನ ಜೇಬಿಗೆ ಹಾಕಿಸಿ, ಕೂರಿಸಿ, ಏಳಿಸುತ್ತಿದ್ದಳು.

"ಕಾರು ಕೊಳ್ಳುವಾಗಲೂ ನನ್ನ ಇಷ್ಟು ಓಡಾಡಿಸಲಿಲ್ಲಕ್ಕ," ಎಂದು ಒಬ್ಬ ಗೊಣಗಿದ್ದಕ್ಕೆ, "ಕಾರಲ್ಲಿ ದಿನಕ್ಕೆ ಎಷ್ಟೊತ್ತು ಕೂರ್ತೀರಿ? ಇದನ್ನ ನಿದ್ದೇಲೂ ಬಿಡೋರಲ್ಲ ನೀವು," ಅಂದಿದ್ದಳು. ಅವನು ಒಂದಕ್ಕೆ ಬಂದವನು ಹೆಂಡತಿಗೂ ಸೇರಿಸಿ ಎರಡು ಫೋನು ಕೊಂಡುಹೋದ.

ಅವಳು ನಿಲ್ಲುತ್ತಿದ್ದದ್ದು ಅಂಗಡಿಯೊಳಗೆ, ಆದರೆ ಸಂಬಳ ಕೊಡುತ್ತಿದ್ದದ್ದು ಫೋನು ತಯಾರಿಸುವ ಒಂದು ಕಂಪನಿ. ನೀಲಿ ಅಂಗಿ ಕೊಟ್ಟಿದ್ದರಿಂದ ಎಲ್ಲರ ಬಾಯಲ್ಲೂ ಅದು ನೀಲಿ ಕಂಪನಿ. ಎದುರಿನ ಕೌಂಟರು ಕೆಂಪು ಕಂಪನಿಯದು. ಅಲ್ಲಿ ನಿಲ್ಲುತ್ತಿದ್ದವಳು ಬೇರೆ ಯಾರೂ ಅಲ್ಲ, ಅವಳ ಓರಗಿತ್ತಿ. ಅಣ್ಣತಮ್ಮಂದಿರಿಬ್ಬರದೂ ಒಂದೇ ಮನೆ, ಒಂದೇ ಅಡುಗೆ. ಮೈದುನನ ಹೆಂಡತಿಯಾಗಿ ಬಂದ ಹುಡುಗಿಗೆ ಮನೆಯಲ್ಲಿ ಚಿಕ್ಕವಳು ಎಂದೇ ಹೆಸರಾಯಿತು. ಮನೆಯಲ್ಲಿ ಕೂತು ಬೇಜಾರಾಗುತ್ತೆ ಎಂದು ಅವಳು ಮುಖ ಸಣ್ಣ ಮಾಡಿಕೊಂಡಾಗ, ಗಿರಾಕಿಯ ಮುಖ ಓದುವುದು ಹೇಗೆ, ಬೆರಳ ಗುರುತು ಬಿದ್ದ ಗಾಜು ಒರೆಸುವುದು ಹೇಗೆ, ಎಲ್ಲಿ ಸುಮ್ಮನಿರಬೇಕು, ಎಲ್ಲವನ್ನೂ ಕಲಿಸಿ ಎದುರು ಕೌಂಟರಿಗೆ ಸೇರಿಸಿದವಳು ಅಕ್ಕನೇ.

ಇಬ್ಬರ ನಡುವೆ ನಡೆಯುತ್ತಿದ್ದ ಜಗಳ ಆ ಅಂಗಡಿಯ ದೊಡ್ಡ ಮನರಂಜನೆ.

"ಅಲ್ಲಮ್ಮಾ, ಪರದೆ ಕೆಳಗೆ ಇನ್ನೂ ಮೂರು ಗುಂಡಿ ಇಟ್ಕೊಂಡಿದ್ದೀರಲ್ಲ, ಯಾವ ಕಾಲದಲ್ಲಿದ್ದೀರಿ? ನಮ್ಮದು ನೋಡಿ, ಅಂಚಿಂದ ಹೀಗೆ ಸವರಿದ್ರೆ ಸಾಕು, ಹಿಂದಕ್ಕೆ ಹೋಗುತ್ತೆ."

"ಹೋಗುತ್ತೆ ಅಕ್ಕಾ, ಹೋಗಬೇಡ ಅಂದ್ರೂ ಹೋಗುತ್ತೆ! ಗಾಜು ಬಾಗಿಸಿ ಬಾಗಿಸಿ ಹಿಡಿಯೋಕೇ ಜಾಗ ಇಟ್ಟಿಲ್ಲ ನೀವು. ಅಂಗೈ ತಗುಲಿದ್ರೆ ಹೆಂಡತಿಗೆ ಹೋಗಬೇಕಾದ ಕಾಲ್ ಮ್ಯಾನೇಜರಿಗೆ ಹೋಗುತ್ತೆ."

"ನಿಮ್ಮದು ಇಟ್ಟಿಗೆ ಥರ ಭಾರ."

"ಭಾರ ಯಾಕೆ ಹೇಳಿ? ಸಾಯಂಕಾಲದವರೆಗೂ ಚಾರ್ಜ್ ಇರುತ್ತಲ್ಲ, ಅದಕ್ಕೆ!"

ಸುತ್ತ ನಿಂತವರು ನಗುತ್ತ ಎರಡನ್ನೂ ಹಿಡಿದು ನೋಡಿ ಯಾವುದಾದರೂ ಒಂದನ್ನು ಕೊಳ್ಳುತ್ತಿದ್ದರು. ಸಂಜೆ ಓರಗಿತ್ತಿಯರಿಬ್ಬರೂ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂತು, ಯಾರ ಮಾತು ಇವತ್ತು ಸರಿಯಾಗಿ ನಾಟಿತು ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಡುಕ ಶುರುವಾದದ್ದು ಬಲಗೈಯಲ್ಲಿ. ಮೊದಮೊದಲು ದಣಿವು ಅಂದುಕೊಂಡಳು. ಆಮೇಲೆ ಸ್ಟ್ಯಾಂಡಿನ ಮೇಲೆ ಫೋನು ಇಡುವಾಗ ಗಾಜು ಟಕಟಕ ಸದ್ದು ಮಾಡತೊಡಗಿತು. ಡಾಕ್ಟರು ಅವಳಿಂದ ಸುರುಳಿ ಬರೆಸಿ, ಬೆರಳು ಮೂಗಿಗೆ ಮುಟ್ಟಿಸಿ ನೋಡಿ, "ಗುಳಿಗೆಯಿಂದ ಒಂದಿಷ್ಟು ಹದ್ದುಬಸ್ತಿನಲ್ಲಿ ಇಡಬಹುದು. ಪೂರ್ತಿ ಓಡಿಸೋಕಾಗಲ್ಲ," ಎಂದರು. ಗಂಡ ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಹೊರಗೆ ಬಂದ ಮೇಲೆ ಅವನು ಹೇಳಿದ್ದು ಇಷ್ಟೇ: "ಕಂಪನಿಯವರಿಗೆ ಗೊತ್ತಾಗೋದು ಬೇಡ."

ಗೊತ್ತಾಗದಂತೆ ನೋಡಿಕೊಂಡಳು. ಮೊಣಕೈ ಕೌಂಟರಿಗೆ ಊರಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಳು. ತೋರಿಸುವ ಕೆಲಸವನ್ನೆಲ್ಲ ಗಿರಾಕಿಯ ಕೈಯಿಂದಲೇ ಮಾಡಿಸಿದಳು. ಆದರೆ ಸ್ವಂತ ಫೋನಿನ ಮುಂದೆ ಯಾವ ನಾಟಕವೂ ನಡೆಯಲಿಲ್ಲ. ಒಂದು ಸಲ ಒತ್ತಿದರೆ ಅದು ಮೂರು ಸಲ ಒತ್ತಿದ್ದೆಂದು ತಿಳಿಯುತ್ತಿತ್ತು. ಬಾಗಿದ ಅಂಚಿಗೆ ಬೆರಳು ತಗುಲಿ ಬರೆಯುತ್ತಿದ್ದ ಮೆಸೇಜೇ ಮಾಯವಾಗುತ್ತಿತ್ತು. ಚಿಕ್ಕವಳು ತಮಾಷೆಗೆ ಹೇಳುತ್ತಿದ್ದದ್ದೆಲ್ಲ ನಿಜವೇ ಆಗಿತ್ತು. ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದ ಮಗಳಿಗೆ ಊಟ ಆಯ್ತಾ ಎಂದು ಕೇಳಲು ಹೋದರೆ, ಊಊಊಟಟ ಆಆ ಎಂದು ಹೋಗುತ್ತಿತ್ತು. "ಏನಮ್ಮಾ, ಹಾಡ್ತಿದ್ದೀಯಾ?" ಎಂದು ಮಗಳು ನಗುವ ಚಿತ್ರ ಹಾಕಿ ಉತ್ತರ ಕಳಿಸಿದಳು. ಅವಳಿಗೂ ವಿಷಯ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ಚಿಕ್ಕವಳು ಊಟಕ್ಕೆ ಹೋಗಿದ್ದಳು. ಅಕ್ಕ ಎದುರು ಕೌಂಟರಿಗೆ ದಾಟಿ, ಕೆಂಪು ಕಂಪನಿಯ ಫೋನೊಂದನ್ನು ಎತ್ತಿಕೊಂಡು ಸೆಟ್ಟಿಂಗಿನ ಒಳಗೆಲ್ಲ ಕೈಯಾಡಿಸಿದಳು. ಒಂದು ಕಡೆ ಅವಳು ಹುಡುಕುತ್ತಿದ್ದದ್ದು ಸಿಕ್ಕಿತು. ಬೆರಳು ಗಾಜಿನ ಮೇಲೆ ಒಂದು ಗಳಿಗೆ ಊರಿ ನಿಂತರೆ ಮಾತ್ರ ಒತ್ತಿದ್ದೆಂದು ಲೆಕ್ಕ. ಮೇಲಿಂದ ಮೇಲೆ ತಗುಲಿದ್ದನ್ನು ಫೋನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅದನ್ನು ಚಾಲೂ ಮಾಡಿ, ಊಟ ಆಯ್ತಾ ಎಂದು ಬರೆದಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಇಷ್ಟು ವರ್ಷ ನಿಂತು ಹೊಗಳಿದ ಫೋನು ಅವಳನ್ನು ಗುರುತಿಸಿರಲಿಲ್ಲ. ತಾನು ಹಂಗಿಸಿ ನಕ್ಕಿದ್ದ ಫೋನು ಗುರುತಿಸಿತ್ತು.

ತಲೆ ಎತ್ತಿದರೆ ಚಿಕ್ಕವಳು ನಿಂತಿದ್ದಳು.

"ಲೋಟ ತೊಳೆಯುವಾಗ ನಿಮ್ಮ ಕೈ ನೋಡಿದ್ದೆ ಅಕ್ಕಾ," ಎಂದಳು ಮೆಲ್ಲಗೆ. "ಕೇಳೋಕೆ ಧೈರ್ಯ ಬರಲಿಲ್ಲ."

"ಯಾರಿಗೂ ಹೇಳಬೇಡ ಕಣೇ."

"ನನ್ನ ಬಾಯಿಂದ ಬಂದ್ರೆ ಕೇಳಿ."

ಆ ವಾರವೇ ಚಿಕ್ಕವಳ ಹೆಸರಿನಲ್ಲಿ ಒಂದು ಕೆಂಪು ಫೋನು ಕೊಂಡದ್ದಾಯಿತು. ಎದುರಾಳಿಯ ಫೋನು ಇಟ್ಟುಕೊಂಡವರಿಗೆ ನೀಲಿ ಕಂಪನಿಯಲ್ಲಿ ಜಾಗವಿಲ್ಲ ಎಂಬ ಕಟ್ಟಳೆ ಇತ್ತು. ಹಾಗಾಗಿ ಜನರ ಎದುರಿಗೆ ನೀಲಿ, ಕೈಚೀಲದ ತಳದಲ್ಲಿ ಕೆಂಪು.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಹೊಸ ಮಾಡೆಲ್ ಬರುವ ಮೊದಲಿನ ಮೀಟಿಂಗಿನಲ್ಲಿ ಏರಿಯಾ ಮ್ಯಾನೇಜರು, ಅವಳಿಗಿಂತ ತುಂಬ ಚಿಕ್ಕ ವಯಸ್ಸಿನವನು, ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಅವಳು ಬಾಯಿಬಿಟ್ಟಳು. "ಸಾರ್, ಬೆರಳು ನಿಲ್ಲದೋರಿಗೆ ಎದುರಿನವರ ಫೋನಲ್ಲಿ ಒಂದು ಅನುಕೂಲ ಇದೆ. ನಮ್ಮದರಲ್ಲೂ ಬಂದ್ರೆ ಒಳ್ಳೇದು. ವಯಸ್ಸಾದವರು ತುಂಬ ಜನ ಬರ್ತಾರೆ."

"ಮೇಡಂ, ಕೈ ನಡುಗೋರು ನಮ್ಮ ಗಿರಾಕಿಗಳಲ್ಲ," ಎಂದ ಅವನು. "ನಮ್ಮದು ಹುಡುಗರ ಫೋನು. ಅಂಥೋರನ್ನ ಎದುರಿಗೇ ಕಳಿಸಿಬಿಡಿ, ಪುಣ್ಯ ಬರುತ್ತೆ." ಎಲ್ಲರೂ ನಕ್ಕರು. ಅವಳೂ ನಕ್ಕು, ಬಲಗೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡಳು.

ಅಂಗಡಿಯ ಯಜಮಾನರಿಗೆ ಇಬ್ಬರ ಜಗಳವನ್ನೇ ಬಂಡವಾಳ ಮಾಡಿಕೊಳ್ಳುವ ಯೋಚನೆ ಬಂದದ್ದು ಅದಾದ ಸ್ವಲ್ಪ ದಿನಕ್ಕೆ. ಭಾನುವಾರ ಜನ ತುಂಬಿರುವಾಗ ನೀಲಿಗೂ ಕೆಂಪಿಗೂ ಪಂದ್ಯ. ಒಂದೇ ಸಾಲನ್ನು ಇಬ್ಬರೂ ಬರೆಯಬೇಕು, ಯಾರ ಫೋನಿನಲ್ಲಿ ಬೇಗ, ತಪ್ಪಿಲ್ಲದೆ ಬರುತ್ತದೋ ಅವರು ಗೆದ್ದಂತೆ.

ಬಸ್ಸಿನಲ್ಲಿ ಅಕ್ಕ ಚಿಕ್ಕವಳ ಕೈ ಹಿಡಿದುಕೊಂಡಳು. "ನೀನೇ ಒಲ್ಲೆ ಅಂದುಬಿಡೇ."

"ಒಲ್ಲೆ ಅಂದ್ರೆ ಯಾಕೆ ಅಂತಾರೆ ಅಕ್ಕಾ. ಒಂದು ಕೆಲಸ ಮಾಡೋಣ. ನಿಮ್ಮದು ಮುಗಿಯೋವರೆಗೂ ನಾನು ಮುಗಿಸಲ್ಲ. ತಪ್ಪು ಬಿದ್ರೆ ಇಬ್ಬರದೂ ಬೀಳಲಿ. ಜನ ನಕ್ಕು ಮನೆಗೆ ಹೋಗ್ತಾರೆ, ಅಷ್ಟೇ."

"ಮಾತು?"

"ಮಾತು ಅಕ್ಕಾ."

ಭಾನುವಾರ ಹೋಗಿ ನೋಡಿದರೆ ಯಾರೂ ಹೇಳದೇ ಇದ್ದ ಒಂದು ಏರ್ಪಾಟು ಕಾದಿತ್ತು. ಮೇಜಿನ ಮೇಲೆ ಕ್ಯಾಮೆರಾ ತೂಗುಬಿಟ್ಟು, ಗೋಡೆಯ ತುಂಬ ಮಾರಾಟಕ್ಕಿಟ್ಟಿದ್ದ ಟೀವಿಗಳಿಗೆಲ್ಲ ಅದನ್ನು ಜೋಡಿಸಿದ್ದರು. ಎರಡೂ ಕಂಪನಿಯ ಮ್ಯಾನೇಜರುಗಳು ಬಂದು ನಿಂತಿದ್ದರು. ಯಜಮಾನರು ಮೈಕಿನಲ್ಲಿ "ಶುರು" ಅಂದದ್ದೇ ತಡ, ಅಕ್ಕನ ಕೈ ಗೋಡೆಯ ಮೇಲೆಲ್ಲ ಕಾಣಿಸಿತು. ಚಿಕ್ಕ ಟೀವಿಯಲ್ಲಿ ಚಿಕ್ಕದಾಗಿ, ಬಾಗಿಲಗಲದ ಟೀವಿಯಲ್ಲಿ ಬಾಗಿಲಗಲವಾಗಿ. ಎಲ್ಲವೂ ಒಟ್ಟಿಗೆ ನಡುಗುತ್ತಿದ್ದವು.

ಸಾಲಿನ ಮೊದಲಿಗೆ ನಿಮ್ಮ ಎಂದು ಬರೆಯಬೇಕಾದಲ್ಲಿ ನಿನಿನಿನಿ ಬಂತು. ಅಳಿಸಲು ಹೋದರೆ ಅಂಚು ತಗುಲಿ ಎಲ್ಲವೂ ಹೋಯಿತು. ಮೊದಲು ಯಾರೋ ಒಬ್ಬರು ಕಿಸಕ್ಕನೆ ನಕ್ಕರು, ಆಮೇಲೆ ತಡೆಯುವವರಿರಲಿಲ್ಲ. "ಅಕ್ಕಂಗೆ ಚಳಿಯಾಗ್ತಿದೆ, ಎ.ಸಿ. ಕಡಿಮೆ ಮಾಡ್ರಪ್ಪಾ!" ಎಂದು ಹಿಂದಿನಿಂದ ಕೂಗು ಬಂತು. ಅವಳು ಚಿಕ್ಕವಳ ಕಡೆ ನೋಡಿದಳು. ಚಿಕ್ಕವಳು ತಲೆ ಎತ್ತಲೇ ಇಲ್ಲ. ಅವಳ ಬೆರಳುಗಳು ಗಾಜಿನ ಮೇಲೆ ಓಡುತ್ತಿದ್ದವು, ಒಂದು ಕಡೆಯೂ ತಡವರಿಸಲಿಲ್ಲ. ಸಾಲು ಮುಗಿಸಿ ಕೈ ಮೇಲೆತ್ತಿದಳು.

"ನೀಲಿಗೆ ನಡುಕ ಹುಟ್ಟಿಸಿದ ಕೆಂಪು!" ಎಂದರು ಯಜಮಾನರು ಮೈಕಿನಲ್ಲಿ.

ಹಾಗೆಯೇ ಹೊರಟುಹೋಗಲು ಅಕ್ಕನಿಗೆ ಮನಸ್ಸು ಒಪ್ಪಲಿಲ್ಲ. ಕೈಚೀಲದ ತಳದಿಂದ ಕೆಂಪು ಫೋನು ತೆಗೆದು ಕ್ಯಾಮೆರಾದ ಕೆಳಗಿಟ್ಟಳು. ಅದೇ ಸಾಲನ್ನು ಬರೆಯತೊಡಗಿದಳು. ಬೆರಳು ಊರಬೇಕು, ಕಾಯಬೇಕು, ಎತ್ತಬೇಕು. ಎಷ್ಟು ನಿಧಾನವೆಂದರೆ ನಗುತ್ತಿದ್ದವರಿಗೆ ನಕ್ಕು ಸಾಕಾಯಿತು. ಕೈ ಮೊದಲಿನ ಹಾಗೇ ನಡುಗುತ್ತಿತ್ತು, ಅಕ್ಷರ ಮಾತ್ರ ಒಂದೊಂದಾಗಿ ನೆಟ್ಟಗೆ ಬಂದು ಕೂತವು. ಸಾಲು ಮುಗಿಸಿ ತಲೆ ಎತ್ತಿದಳು.

"ಕೈ ಅದೇ," ಎಂದಳು. "ಫೋನು ಬೇರೆ, ಅಷ್ಟೇ."

ಜನ ಚಪ್ಪಾಳೆ ತಟ್ಟಿದರು. ಕೆಂಪು ಕಂಪನಿಯ ಮ್ಯಾನೇಜರು ಎಲ್ಲರಿಗಿಂತ ಜೋರಾಗಿ ತಟ್ಟಿದ. ನೀಲಿಯವನು ಕೈಕಟ್ಟಿ ನಿಂತಿದ್ದ.

ಬಸ್ಸಿನಲ್ಲಿ ಚಿಕ್ಕವಳೇ ಮೊದಲು ಮಾತಾಡಿದಳು. "ನಮ್ಮ ಮ್ಯಾನೇಜರು ಹೆಗಲ ಹಿಂದೇನೇ ನಿಂತಿದ್ರು ಅಕ್ಕಾ."

"ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ಆ ಹೊತ್ತಿಗೆ ಬೆರಳು ನನ್ನ ಮಾತೇ ಕೇಳಲಿಲ್ಲ."

"ಬೆರಳು ಮಾತು ಕೇಳದೇ ಇರೋದು ನಂದು ಕಣೇ. ನಿಂದು ಚೆನ್ನಾಗೇ ಕೇಳುತ್ತೆ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು.

ಮರುದಿನ ಏರಿಯಾ ಮ್ಯಾನೇಜರು ಕರೆಸಿದ. ಕುರ್ಚಿ ತೋರಿಸಿದ, ನೀರು ತರಿಸಿದ. "ಕೈ ವಿಷಯಕ್ಕಲ್ಲ ಮೇಡಂ. ಅದನ್ನ ನಾವು ಎತ್ತೋದೂ ಇಲ್ಲ, ಅದು ಮಾನವೀಯತೆ ಅಲ್ಲ. ಎದುರಿನವರ ಫೋನು ಇಟ್ಕೊಂಡಿದ್ರಲ್ಲ, ಅದಕ್ಕೆ." ಅವಳು ನೀಲಿ ಅಂಗಿಗಳನ್ನು ಒಗೆದು ಮಡಚಿ ಹಿಂದಿರುಗಿಸಿದಳು. ಕೆಂಪು ಕಂಪನಿಯವರಾದರೂ ಕರೆಯಬಹುದು ಎಂಬ ಆಸೆ ಒಳಗೊಳಗೇ ಇತ್ತು. ಅವರು ಕರೆಯಲಿಲ್ಲ. ಭಾನುವಾರದ ಆ ವೀಡಿಯೊವನ್ನು ಮಾತ್ರ ಎತ್ತಿಕೊಂಡರು. ಉಳಿದದ್ದೆಲ್ಲ ಕತ್ತರಿಸಿ ಹಾಕಿ, ನಡುಗುವ ಕೈ ಮಾತ್ರ ಉಳಿಸಿಕೊಂಡು, ಕೆಳಗೆ ಸಂಗೀತ ಸೇರಿಸಿ ಜಾಹೀರಾತು ಮಾಡಿದರು. "ಪ್ರತಿ ಕೈಗೂ ನಮ್ಮ ಫೋನು." ಪಕ್ಕದ ಮನೆಯಾಕೆ ಕೈಗಡಿಯಾರದ ಪಟ್ಟಿ ನೋಡಿಯೇ ಗುರುತು ಹಿಡಿದೆ ಎಂದು ಸಂಭ್ರಮದಿಂದ ಹೇಳಲು ಬಂದಳು. ಮಗಳಿಗೆ ತಾಯಿಯ ಕಾಯಿಲೆ ತಿಳಿದದ್ದೂ ಆ ಜಾಹೀರಾತಿನಿಂದಲೇ. ಫೋನು ಮಾಡಿ ಅತ್ತಳು, ಆಮೇಲೆ ಬೈದಳು.

ಚಿಕ್ಕವಳಿಗೆ ಬಡ್ತಿ ಬಂತು. ಇನ್ನು ಮೇಲೆ ಒಂದು ಕೌಂಟರಲ್ಲ, ಊರಿನ ಎಲ್ಲ ಅಂಗಡಿಗಳ ಉಸ್ತುವಾರಿ.

"ನಿಂದು ಹೋಯ್ತು, ಅವಳದ್ದು ಏರಿತು," ಎಂದ ಗಂಡ, ಊಟಕ್ಕೆ ಕೂತು. "ಮನೆಗೆ ಬರೋದು ಮನೆಗೇ ಬಂತಲ್ಲ, ಬಿಡು." ಮೈದುನ ಹೌದೆಂದು ತಲೆಯಾಡಿಸಿದ. ಅವನ ತಟ್ಟೆಗೆ ಬಡಿಸುತ್ತಿದ್ದ ಅವಳ ಕೈಯಿಂದ ಸಾರು ಚೆಲ್ಲಿತು. ಎಲ್ಲರೂ ನಡುಕದಿಂದ ಚೆಲ್ಲಿತು ಎಂದುಕೊಂಡರು.

ಕೆಲಸ ಕೇಳಿಕೊಂಡು ಬೇರೆ ಅಂಗಡಿಗಳಿಗೂ ಹೋಗಿ ಬಂದಳು. ಎಲ್ಲ ಕಡೆಯೂ ಅವಳ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದರು. ಕೂತು ಮಾಡುವ ಕೆಲಸವಿದ್ದರೆ ಹೇಳಿ ಕಳಿಸುತ್ತೇವೆ ಎಂದರು. ಕಡೆಗೆ ಅಡುಗೆಮನೆ ಪೂರ್ತಿಯಾಗಿ ಅವಳದಾಯಿತು. ಬೆಳಿಗ್ಗೆ ಚಿಕ್ಕವಳ ಊಟದ ಡಬ್ಬಿ ಕಟ್ಟುವುದೂ ಅವಳ ಪಾಲಿಗೇ ಬಂತು. ಕಟ್ಟಿ ಮೇಜಿನ ಮೇಲಿಡುತ್ತಿದ್ದಳು; ಅವಳ ಕೈಗೆ ಕೊಡುತ್ತಿರಲಿಲ್ಲ. ಒಂದೇ ಸೂರಿನಡಿ ಉಪ್ಪು ಮುಗಿದಿದೆ, ನೀರು ಬಂದಿದೆ ಎಂಬಷ್ಟು ಮಾತು ಉಳಿಯಿತು.

ಒಂದು ದಿನ ಕೆಂಪು ಫೋನು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ ಹೊಸದಾಯಿತು. ಬಣ್ಣ ಬದಲಾಯಿತು, ಕೆಳಗಿನ ಮೂರು ಗುಂಡಿ ಹೋಗಿ ನೀಲಿಯವರ ಹಾಗೇ ಅಂಚಿನಿಂದ ಸವರುವುದು ಬಂತು. ಮಗಳಿಗೆ ಬರೆಯಲು ಕೂತರೆ ಮತ್ತೆ ಊಊಊ. ಅವಳು ಬೇಕಾಗಿದ್ದ ಸೆಟ್ಟಿಂಗನ್ನು ಹುಡುಕಿಯೇ ಹುಡುಕಿದಳು, ಸಿಗಲಿಲ್ಲ. ಬೆರಳು ಎಲ್ಲೆಲ್ಲೋ ತಗುಲಿ ಟಾರ್ಚು ಹೊತ್ತಿಕೊಂಡಿತು, ಗ್ಯಾಸಿನವನಿಗೆ ಕಾಲ್ ಹೋಯಿತು. ಅವನು "ಯಾರು? ಯಾರು?" ಎಂದು ಕೂಗಿ ಇಟ್ಟ. ಮಗಳಿಗೆ ಆವತ್ತು ಪರೀಕ್ಷೆಯ ಫಲಿತಾಂಶ. ಏನಾಯ್ತಮ್ಮಾ ಎಂದು ಕೇಳುವುದಕ್ಕೂ ಆಗಲಿಲ್ಲ.

ಸಂಜೆ ಚಿಕ್ಕವಳು ಬಂದಾಗ ಅವಳು ಇನ್ನೂ ಅದನ್ನೇ ತಿಕ್ಕುತ್ತ ಕೂತಿದ್ದಳು. ಚಿಕ್ಕವಳು ಸ್ವಲ್ಪ ಹೊತ್ತು ನಿಂತು ನೋಡಿ ಕೈ ಚಾಚಿದಳು.

"ಕೊಡಿ ಅಕ್ಕಾ."

ಕೊಡಬಾರದು ಎಂದುಕೊಂಡಳು. ಮಗಳ ನೆನಪಾಗಿ ಕೊಟ್ಟಳು. ಚಿಕ್ಕವಳ ಬೆರಳು ನಾಲ್ಕಾರು ಕಡೆ ಆಡಿತು, ಅಷ್ಟರಲ್ಲೇ ಕೆಲಸ ಮುಗಿಯಿತು.

"ಒಳಗೆಲ್ಲೋ ತಳ್ಳಿಬಿಟ್ಟಿದ್ದಾರೆ. ಇದನ್ನ ಬಳಸೋರೇ ಇಲ್ಲವಂತೆ."

"ಆ ಜಾಹೀರಾತು?"

"ನಿಲ್ಲಿಸಿ ಆಯ್ತು ಅಕ್ಕಾ. ಈಗ ಮಡಚೋ ಫೋನಿಂದು ಬರ್ತಿದೆ."

ಅಕ್ಕ ಫೋನು ತೆಗೆದುಕೊಂಡು ಒಂದೊಂದೇ ಅಕ್ಷರ ಊರಿ ಮಗಳಿಗೆ ಬರೆದಳು. ಪಾಸಾದೆ ಎಂದು ಉತ್ತರ ಬಂತು. ಓದಿಕೊಂಡಳು, ಮನೆಯಲ್ಲಿ ಯಾರಿಗೂ ಹೇಳಬೇಕು ಅನಿಸಲಿಲ್ಲ. ಚಿಕ್ಕವಳು ಇನ್ನೂ ಬಾಗಿಲಲ್ಲೇ ನಿಂತಿದ್ದಳು, ಏನಾದರೂ ಒಂದು ಮಾತು ಬರಬಹುದು ಎನ್ನುವ ಹಾಗೆ.

"ಅಕ್ಕಾ, ಟೀ ಇದೆಯಾ?"

"ಕೈ ಇದೆಯಲ್ಲ," ಎಂದಳು ಅಕ್ಕ, ತಲೆ ಎತ್ತದೆ. "ಮಾಡ್ಕೋ."