ನೊರೆ ನಿಲ್ಲುವ ತನಕ

ಪ್ರಾರ್ಥನೆ ಮಾಡಲು ಬರುವವರನ್ನು ಕಂಡರೆ ಗ್ರೇಸಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ಆಕೆಗೆ ದೇವರ ಮೇಲೆ ಸಿಟ್ಟಿರಲಿಲ್ಲ, ಬರುವವರ ಮೇಲೆ ಇತ್ತು. ಚರ್ಚಿನ ಹೆಂಗಸರು ಬಿಸ್ಕೀಟಿನ ಪುಡಿಕೆ ಹಿಡಿದು ಬಂದು, ಮಂಚದ ಸುತ್ತ ನಿಂತು ಕಣ್ಣು ಮುಚ್ಚುತ್ತಿದ್ದರು. ಮುಚ್ಚುವ ಮುಂಚೆ ಮಾತ್ರ ಆಕೆಯ ಎದೆಯ ಎಡಭಾಗವನ್ನು ಒಮ್ಮೆ ಕದ್ದು ನೋಡುತ್ತಿದ್ದರು.

"ನೋಡೋದು ಮುಗೀತಲ್ಲ, ಇನ್ನ ಆಮೆನ್ ಅನ್ರಿ," ಎಂದು ಆಕೆ ಒಮ್ಮೆ ಹೇಳಿಯೇಬಿಟ್ಟಳು. ಅಂದಿನಿಂದ ಬರುವವರ ಸಂಖ್ಯೆ ಅರ್ಧಕ್ಕೆ ಇಳಿಯಿತು. ಬೀದರದ ಆ ಓಣಿಯಲ್ಲಿ ಗ್ರೇಸಬಾಯಿಯ ನಾಲಿಗೆಯ ಸುದ್ದಿ ಹೊಸದೇನಲ್ಲ. ಭಾಲ್ಕಿಯ ಒಂದು ಖಾಸಗಿ ದವಾಖಾನೆಯಲ್ಲಿ ಕೂದಲು ಬೆಳ್ಳಗಾಗುವ ತನಕ ನರ್ಸಾಗಿದ್ದವಳು ಆಕೆ. ಆ ದವಾಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಆದರೆ ಆಕೆಯ ಬೈಗುಳ ತಿಂದವರು ಇನ್ನೂ ಮೂರು ತಾಲೂಕಿನಲ್ಲಿ ಸಿಗುತ್ತಾರೆ.

ಈಗ ಆಕೆಯೇ ರೋಗಿ. ಹೈದರಾಬಾದಿನಲ್ಲಿ ಎಡಮೊಲೆ ತೆಗೆದು, ಕಂಕುಳಿನ ಗಂಟುಗಳನ್ನು ತೆಗೆದು, ಬೆನ್ನಿನ ಚರ್ಮ ತಂದು ಎದೆಗೆ ಹೊಲಿದಿದ್ದರು. ಹೊಲಿಗೆ ಎಲ್ಲ ಕಡೆ ಕೂಡಿತು, ಕಂಕುಳಿನ ಕೆಳಗೆ ಮಾತ್ರ ಬಿಟ್ಟುಕೊಂಡಿತು. ಅಲ್ಲೊಂದು ಕುಳಿ. ಮಳೆಗಾಲ ಹೋಗಿ ಚಳಿ ಬಂದರೂ ಅದು ತುಂಬಲೊಲ್ಲದು. ಸಕ್ಕರೆ ಕಾಯಿಲೆಯೂ ಇತ್ತಲ್ಲ, ಅದೊಂದು ನೆಪ ಆಯಿತು. ಡಾಕ್ಟರ್ ಹೇಳಿದ ಮಾತು ಒಂದೇ. ಗಾಯ ಮುಚ್ಚುವ ತನಕ ರೇಡಿಯೇಶನ್ ಶುರು ಮಾಡಲಾಗದು, ಅದು ತಡವಾದಷ್ಟೂ ರೋಗ ಮತ್ತೆ ತಲೆ ಎತ್ತುವ ಭಯ. ಮನೆಯಲ್ಲಿ ಮೂವರಿಗೂ ಈ ಮಾತು ಬಾಯಿಪಾಠವಾಗಿತ್ತು. ಯಾರೂ ಅದನ್ನು ಇನ್ನೊಬ್ಬರ ಮುಂದೆ ಆಡುತ್ತಿರಲಿಲ್ಲ.

ಮೂವರೆಂದರೆ ಗ್ರೇಸಬಾಯಿ, ಊರ ಹೊರಗಿನ ಕೊಳಾರದ ಗೋದಾಮಿನಲ್ಲಿ ಕೆಲಸಕ್ಕಿದ್ದ ಮಗ ಸುನಿಲ, ಮತ್ತು ಸೊಸೆ ಸುಜಿ. ಸುಜಿಯೂ ನರ್ಸೇ. ಒಂದೇ ಒಲೆಯ ಮುಂದೆ ಇಬ್ಬರು ನರ್ಸುಗಳಿದ್ದರೆ ಮನೆ ಹೇಗಿರುತ್ತದೋ ಆ ಮನೆ ಹಾಗೇ ಇತ್ತು. ಹಾಲು ಕಾಯಿಸುವುದರಿಂದ ಹಿಡಿದು ಜ್ವರ ನೋಡುವುದರ ತನಕ ಎಲ್ಲದಕ್ಕೂ ಎರಡು ಅಭಿಪ್ರಾಯ.

ಡ್ಯೂಟಿಗೆ ಹೋಗುವ ಮುಂಚೆ ಸುಜಿ ಅತ್ತೆಯ ಪಟ್ಟಿ ಬಿಚ್ಚಿ, ಸಲೈನ್ ನೀರು ಹನಿಸಿ, ಹಸಿ ಬಟ್ಟೆಯನ್ನು ಕುಳಿಯೊಳಗೆ ಮೆಲ್ಲಗೆ ಇಟ್ಟು ಮುಚ್ಚುತ್ತಿದ್ದಳು. ಉಜ್ಜುತ್ತಿರಲಿಲ್ಲ, ಕೆರೆಯುತ್ತಿರಲಿಲ್ಲ. ಗ್ರೇಸಬಾಯಿ ಮೂಗು ಮುರಿಯುತ್ತಿದ್ದಳು.

"ಇದು ಡ್ರೆಸ್ಸಿಂಗೋ, ಕೂಸಿಗಿ ಜಳಕ ಮಾಡಸೋದೋ?"

"ಡಾಕ್ಟರ್ ಹೇಳಿದ್ದು ಇಷ್ಟೇರಿ ಅತ್ತಿ."

"ನಿಮ್ಮ ಡಾಕ್ಟರ್ ತೊಟ್ಟಿಲದಾಗ ಇದ್ದಾಗಿಂದ ನಾ ಗಾಯ ತೊಳೀಲಿಕತ್ತೇನಿ."

"ಇರಬಹುದ್ರಿ. ಕೈ ಮ್ಯಾಲೆ ಎತ್ರಿ."

ಆ 'ಇರಬಹುದ್ರಿ' ಎಂಬ ಮಾತು ಗ್ರೇಸಬಾಯಿಯನ್ನು ಗಾಯಕ್ಕಿಂತ ಹೆಚ್ಚು ಸುಡುತ್ತಿತ್ತು. ಎದುರು ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಈ ಹುಡುಗಿ ಹೂಂ ಅಂದು ತನ್ನದನ್ನೇ ಮಾಡುವ ಜಾತಿ.

ಸುಜಿಯ ಸ್ಕೂಟಿಯ ಸದ್ದು ಓಣಿ ದಾಟಿತೆಂದರೆ ಗ್ರೇಸಬಾಯಿ ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಮೊಳೆಗೆ ಕನ್ನಡಿ ಸಿಕ್ಕಿಸಿ, ಸೊಸೆ ಕಟ್ಟಿದ ಪಟ್ಟಿಯನ್ನು ಬಿಚ್ಚುತ್ತಿದ್ದಳು. ಜೋಳದ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ ಹೈಡ್ರೋಜನ್ ಪೆರಾಕ್ಸೈಡಿನ ಬಾಟಲಿ ತೆಗೆದು ಕುಳಿಯೊಳಗೆ ಸುರಿಯುತ್ತಿದ್ದಳು. ಬುಸುಬುಸು ನೊರೆ ಏಳುತ್ತಿತ್ತು. ಒರೆಸಿ ಮತ್ತೆ ಸುರಿದರೆ ಮತ್ತೆ ನೊರೆ. ಭಾಲ್ಕಿಯಲ್ಲಿ ಆಕೆ ಎಷ್ಟೋ ಹುಡುಗಿಯರಿಗೆ ಕಲಿಸಿದ ಪಾಠವೇ ಇದು: ನೊರೆ ಬರುತ್ತಿರುವ ತನಕ ಒಳಗೆ ಹೊಲಸಿದೆ, ನೊರೆ ನಿಲ್ಲುವ ತನಕ ಕೈ ತೆಗೆಯಬೇಡಿ. ನೊರೆ ಕಡಿಮೆಯಾದ ಮೇಲೆ ಒಣ ಬಟ್ಟೆಯಿಂದ ರಕ್ತ ಜಿನುಗುವಷ್ಟು ಉಜ್ಜಬೇಕು, ಆಗಲೇ ಹೊಸ ಮಾಂಸ ಬರುತ್ತದೆ. ಅಯೋಡಿನ್ ಕೂಡ ಹಾಕುವ ಆಸೆಯಿತ್ತು. ಕಲೆ ಬಿದ್ದು ಸುಜಿಗೆ ಗೊತ್ತಾಗುತ್ತದೆಂದು ಬಿಟ್ಟಿದ್ದಳು. ಉರಿ ತಡೆಯಲಾರದೆ ಆಕೆ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದಳು. ಬಳಿಕ ಹೊಸ ಬಟ್ಟೆ ಇಟ್ಟು, ಸುಜಿ ಹಾಕಿದಂತೆಯೇ ಟೇಪು ಹಾಕುತ್ತಿದ್ದಳು. ಆ ಕೆಲಸದಲ್ಲಿ ಆಕೆಯ ಕೈಗೆ ಸರಿಸಾಟಿ ಇರಲಿಲ್ಲ.

ಇದನ್ನು ಹಟಕ್ಕೆ ಮಾಡುತ್ತಿದ್ದಳೆಂದರೆ ಅನ್ಯಾಯವಾಗುತ್ತದೆ. ಆಕೆಗೆ ಬದುಕಬೇಕಿತ್ತು. ಸೊಸೆಯ ಮೆತ್ತನೆಯ ಕೈ ತನ್ನನ್ನು ಸಾವಿನ ಕಡೆಗೆ ಒಯ್ಯುತ್ತಿದೆ, ತನ್ನ ಗಟ್ಟಿ ಕೈಯೇ ಉಳಿಸಬೇಕು ಎಂದು ಆಕೆ ಮನಸಾರೆ ನಂಬಿದ್ದಳು.

ಹೈದರಾಬಾದಿಗೆ ತೋರಿಸಲು ಹೋದಾಗ ಡಾಕ್ಟರ್ ಗಾಯ ನೋಡಿ ಹುಬ್ಬು ಗಂಟು ಹಾಕಿದರು. ಅಂಚು ಬಿಳಿಚಿದೆ, ತಳ ಒಂದಿಷ್ಟೂ ಮೇಲೆ ಬಂದಿಲ್ಲ. ಯಾರು ಡ್ರೆಸ್ಸಿಂಗ್ ಮಾಡುವುದೆಂದು ಕೇಳಿದರು. ಸುಜಿ ನಾನೇ ಎಂದಳು. ನೀವು ನರ್ಸು ತಾನೆ, ಇಷ್ಟು ತಿಳಿಯುವುದಿಲ್ಲವೇ, ಹೊಸ ಮಾಂಸ ನಿಲ್ಲಲು ಬಿಡುತ್ತಿಲ್ಲ ನೀವು, ಎಂದು ಎಲ್ಲರ ಮುಂದೆ ಝಾಡಿಸಿದರು. ಸುಜಿಯ ಮುಖ ಕೆಂಪಾಯಿತು. ಗ್ರೇಸಬಾಯಿ ತಲೆ ಮೇಲಿನ ಫ್ಯಾನು ನೋಡುತ್ತ ಕೂತಳು.

ವಾಪಸು ಬರುವ ರೈಲಿನಲ್ಲಿ ಜಹೀರಾಬಾದ್ ದಾಟಿದರೂ ಸುಜಿಯ ಮುಖದ ಕೆಂಪು ಇಳಿದಿರಲಿಲ್ಲ. ಗ್ರೇಸಬಾಯಿಗೆ ಮೊದಲು ಒಂಥರಾ ಖುಷಿಯಾಯಿತು, ಸುಳ್ಳು ಯಾಕೆ. ಬೇಕಾಗಿತ್ತು ಇವಳಿಗೆ, ಎಂದುಕೊಂಡಳು. ಆಮೇಲೆ ಸುಜಿ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಾಗ ಆ ಖುಷಿ ಕೆಟ್ಟಿತು. ಮರುದಿನ ಬಚ್ಚಲಿನಲ್ಲಿ ಇನ್ನೂ ಹೆಚ್ಚು ಹೊತ್ತು ಉಜ್ಜಿದಳು.

ಆ ವಾರವೇ ಗೋರಖನಾಥ ಬಂದ. ಠಾಣಾ ಕುಶನೂರದ ರೈತ, ಗ್ರೇಸಬಾಯಿಗಿಂತ ನಾಲ್ಕಾರು ವರ್ಷಕ್ಕೆ ಚಿಕ್ಕವನು. ಹಿಂದೊಮ್ಮೆ ರಾಶಿ ಮಷೀನಿಗೆ ಕಾಲು ಸಿಕ್ಕಿ, ಮೀನಖಂಡ ಹರಿದು, ಭಾಲ್ಕಿಯ ದವಾಖಾನೆಗೆ ತಿಂಗಳುಗಟ್ಟಲೆ ಬಸ್ಸಿನಲ್ಲಿ ಓಡಾಡಿದ್ದ. ಅವನ ತಮ್ಮನ ಮಗನೊಬ್ಬ ಸುನಿಲನ ಜೊತೆ ಗೋದಾಮಿನಲ್ಲಿದ್ದ, ಸುದ್ದಿ ಅಲ್ಲಿಂದ ಮುಟ್ಟಿತ್ತು. ಬಿಸ್ಕೀಟಿಲ್ಲ, ಹಣ್ಣಿಲ್ಲ, ಕೈ ಬೀಸಿಕೊಂಡು ಬಂದು ಕುರ್ಚಿ ಎಳೆದು ಕೂತ.

"ಪ್ರಾರ್ಥನಾ ಮಾಡ್ಲಿಕ್ಕಿ ಬಂದೀಯೇನು?" ಗ್ರೇಸಬಾಯಿ ಕೇಳಿದಳು.

"ನಾ ಎದಕ ಮಾಡ್ಲಿ? ನೋಡಿ ಹೋಗೋಣಂತ ಬಂದೇನಿ. ಆವಾಗ ನೀವು ನನ್ನ ಕಾಲು ತಿಕ್ಕೋವಾಗ ದಿನಾ ನಿಮಗ ಶಾಪ ಹಾಕ್ತಿದ್ದೆರಿ ಬಾಯಾರ. ಅದು ತಟ್ಟಿತೇನೋ ಅಂತ ಅನುಮಾನ ಬಂತು."

ಗ್ರೇಸಬಾಯಿಗೆ ಎಷ್ಟೋ ವಾರಗಳ ಮೇಲೆ ಮೊದಲ ಸಲ ನಗು ಬಂತು. ಕಣ್ಣೀರು ಸುರಿಸುವವರ ನಡುವೆ ಇವನೊಬ್ಬ ನೆಟ್ಟಗೆ ಮಾತಾಡುವವನು ಸಿಕ್ಕನಲ್ಲ ಎನಿಸಿತು. ಚಹಾ ತಾನೇ ಮಾಡಿ ಕೊಟ್ಟಳು. ಕಾಲು ತೋರಿಸೆಂದಳು. ಅವನು ಧೋತರ ಮೇಲೆತ್ತಿದ. ಮೀನಖಂಡದ ಮೇಲೆ ಅಂಗೈ ಅಗಲದ ಗಟ್ಟಿ, ನುಣುಪಾದ ಕಲೆ.

"ನೋಡು ಇಲ್ಲಿ. ಶಾಪ ಹಾಕಿದ್ರ ಹಾಕೀದಿ, ಕಾಲು ಉಳೀತಲ್ಲ. ಇದು ನನ್ನ ಕೈ ಕೆಲಸ."

"ನಿಮ್ಮ ಕೈದು ಅಲ್ರಿ ಬಾಯಾರ," ಗೋರಖನಾಥ ಚಹಾ ಬಸಿಗೆ ಸುರಿದುಕೊಳ್ಳುತ್ತ ಹೇಳಿದ. "ನಿಮ್ಮ ಮನೆಯವರು ಜೋಸೆಫ ಮಾಸ್ತರರಿಗಿ ಕಾಮಣಿ ಆಗಿತ್ತಲ್ರಿ, ನೀವು ರಜಾ ಹಾಕಿದ್ರಿ. ಆವಾಗ ಮಾಯ್ದದ್ದು."

"ಆವಾಗ ಡ್ರೆಸ್ಸಿಂಗ್ ಮಾಡಿದೋರು ಯಾರು?"

"ಕಂಪೌಂಡರ್ ರಶೀದ ಅಹ್ಮದ."

ರಶೀದ ಅಹ್ಮದನೆಂದರೆ ದವಾಖಾನೆಯಲ್ಲೇ ಹೆಸರಾದ ಸೋಮಾರಿ. ಅವನ ಮೇಲೆ ಗ್ರೇಸಬಾಯಿ ಡಾಕ್ಟರಿಗೆ ದೂರು ಕೊಟ್ಟಿದ್ದು ಒಂದೆರಡು ಸಲವಲ್ಲ.

"ಅವ ಏನ್ ಮಾಡ್ತಿದ್ದ?"

"ಏನೂ ಮಾಡ್ತಿದ್ದಿಲ್ಲ. ಉಪ್ಪಿನ ನೀರು ಹಾಕ್ತಿದ್ದ, ಪಟ್ಟಿ ಕಟ್ತಿದ್ದ, ಚಹಾ ಕುಡೀಲಿಕ್ಕಿ ಹೋಗ್ತಿದ್ದ. ತಿಂಗಳೊಪ್ಪತ್ತಿನಾಗ ತುಂಬ್ಕೊಂಡು ಬಂತು. ನೀವು ವಾಪಸ್ ಬಂದು ನೋಡಿ, ನನ್ನ ಮೆಹನತ್ತಿಗಿ ಫಲ ಸಿಕ್ತು ಅಂದ್ರಿ. ನಾ ಹೌದ್ರಿ ಅಂದೆ. ನಿಮ್ಮ ಮುಂದ ಅಲ್ಲ ಅನ್ನೋ ಧೈರ್ಯ ಯಾರಿಗಿತ್ರಿ?"

"ಸುಳ್ಳ ಬೊಗಳಬ್ಯಾಡ."

"ನಾ ಸುಳ್ಳ ಹೇಳಿ ಏನ್ ಗಳಸಬೇಕಾಗ್ಯಾದ? ಕಾಲು ನಂದು."

ಗ್ರೇಸಬಾಯಿ ಎದ್ದು ಹೋಗೆಂದಳು. ಅವನು ಬಸಿಯಲ್ಲಿ ಉಳಿದ ಚಹಾ ನಿಧಾನಕ್ಕೆ ಕುಡಿದು, ಚಪ್ಪಲಿ ಮೆಟ್ಟಿಕೊಂಡು, ಔರಾದ ಬಸ್ಸು ಹಿಡಿಯಬೇಕೆಂದು ಹೋದ. ಬೇಸರವಾದಂತೆ ಕಾಣಲಿಲ್ಲ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಉಗುಳಿ ಹಗುರಾಗಿದ್ದ.

ಅವನು ಹೋದ ಮೇಲೆ ಆಕೆ ಅವನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದಳು. ಕಾಮಣಿಯ ನೆನಪು ಮಾತ್ರ ಸುಳ್ಳಾಗಿರಲಿಲ್ಲ. ಜೋಸೆಫನ ಹಳದಿ ಕಣ್ಣು, ತಾನು ರಜೆ ಹಾಕಿದ್ದು, ಬಂದು ನೋಡಿದಾಗ ಗೋರಖನಾಥನ ಕಾಲು ಮುಚ್ಚಿದ್ದು, ತಾನು ಬೀಗಿದ್ದು, ಎಲ್ಲ ಖರೆ. ರಶೀದನಿಗೆ ಆ ದಿನವೇ ಪಟ್ಟಿ ಸಡಿಲ ಕಟ್ಟಿದ್ದಾನೆಂದು ಬೈದಿದ್ದೂ ಖರೆ.

ಆಕೆ ಅಡುಗೆಮನೆಗೆ ಹೋದಳು. ಗಾಯ ತುಂಬಲು ಮಾಂಸ, ಮೊಟ್ಟೆ ಚೆನ್ನಾಗಿ ತಿನ್ನಬೇಕೆಂದು ಡಾಕ್ಟರ್ ಹೇಳಿದ್ದಕ್ಕೆ ಸುನಿಲ ಬೆಳಿಗ್ಗೆ ಕುರಿಯ ಕಲೇಜಿಯ ಹಸಿ ಮಾಂಸ ತಂದಿಟ್ಟಿದ್ದ. ಸುಜಿ ಅದನ್ನು ತೊಳೆದು ತಾಟಿನಲ್ಲಿ ಮುಚ್ಚಿಟ್ಟಿದ್ದಳು. ಗ್ರೇಸಬಾಯಿ ಮತ್ತೊಮ್ಮೆ ತೊಳೆದಳು, ನೀರು ತಿಳಿಯಾಗುವ ತನಕ. ಡಬ್ಬಿಯ ಹಿಂದಿನ ಬಾಟಲಿ ತಂದು ಅದರ ಮೇಲೆ ಸುರಿದಳು. ಬುಸುಬುಸು ನೊರೆ ಎದ್ದಿತು. ನೊರೆಯನ್ನು ತೊಳೆದು ಮತ್ತೆ ಸುರಿದಳು. ಮತ್ತೆ ಎದ್ದಿತು.

ಒಲೆಯ ಮೇಲಿನ ಕಿಟಕಿಯ ಸರಳಿಗೆ ಒಗ್ಗರಣೆಯ ಹೊಗೆ ಹಿಡಿದು ಕರ್ರಗೆ ಜಿಡ್ಡು ಕಟ್ಟಿತ್ತು. ಆ ಮನೆಯಲ್ಲಿ ಅದಕ್ಕಿಂತ ಹೊಲಸು ಇನ್ನೊಂದಿರಲಿಲ್ಲ. ಅದರ ಮೇಲೂ ಸುರಿದಳು. ಬರೀ ನೀರಿನಂತೆ ಇಳಿದು ಹೋಯಿತು, ಒಂದು ಗುಳ್ಳೆಯೂ ಏಳಲಿಲ್ಲ.

ಗ್ರೇಸಬಾಯಿ ಬಾಟಲಿ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ನೊರೆ ಬರುವುದು ಹೊಲಸಿಗಲ್ಲ, ಹಸಿ ಮಾಂಸಕ್ಕೆ. ರಾತ್ರಿಯೆಲ್ಲ ಮೈ ಕಷ್ಟಪಟ್ಟು ಒಂದು ಪದರ ಹೆಣೆಯುತ್ತಿತ್ತು. ಬೆಳಗಾದರೆ ತಾನು ಚಿಲಕ ಹಾಕಿಕೊಂಡು ಅದನ್ನು ಸುಟ್ಟು, ಉಜ್ಜಿ, ಚೆಲ್ಲುತ್ತಿದ್ದಳು. ಭಾಲ್ಕಿಯ ಆ ಕಬ್ಬಿಣದ ಮಂಚಗಳ ಮೇಲೆ ಹಲ್ಲು ಕಚ್ಚಿ ಮಲಗಿದ್ದವರ ಮುಖಗಳು ನೆನಪಾಗತೊಡಗಿದವು.

ಮಧ್ಯಾಹ್ನ ಊಟಕ್ಕೆ ಬಂದ ಸುಜಿ ತಾಟು ನೋಡಿದಳು, ಬಾಟಲಿ ನೋಡಿದಳು.

"ಇದು ಎಲ್ಲಿಂದ ಬಂತ್ರಿ?"

"ಬಾಜೂ ಮನಿ ಆರತಿ ಕಡಿಂದ ತರಸೇನಿ. ನೀ ಹೋದ ಮ್ಯಾಲ ದಿನಾ ಪಟ್ಟಿ ಬಿಚ್ಚತಿದ್ದೆ. ಇದು ಹಾಕಿ ತಿಕ್ಕತಿದ್ದೆ."

ಸುಜಿ ನೆಲದ ಮೇಲೆ ಕೂತಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಗ್ರೇಸಬಾಯಿಗೆ ಅನಿಸಿತು.

"ಡಾಕ್ಟರ್ ನನಗ ಬೈಲಿಕತ್ತಾಗ ನೀವು ಫ್ಯಾನ್ ನೋಡ್ಕೊಂತ ಕುಂತಿದ್ರಿ."

"ಹೌದು."

"ಗಾಯ ಮುಚ್ಚಲಿಲ್ಲಂದ್ರ ಮುಂದ ಏನಾಗ್ತದಂತ ನಿಮಗ ಗೊತ್ತದ. ಹಂಗಾಗಿದ್ರ ಸುನಿಲಗ ನಾ ಏನ್ ಹೇಳಬೇಕಿತ್ರಿ? ನಿಮ್ಮವ್ವ ನನ್ನ ಕೈಯಾಗ ಹೋದ್ಲು ಅಂತ ಹೇಳ್ಲ್ಯಾ?"

ತಪ್ಪಾಯಿತು ಎಂಬುದು ಗ್ರೇಸಬಾಯಿಯ ಬಾಯಿಗೆ ರೂಢಿ ಇಲ್ಲದ ಮಾತು. ಸುಜಿ ಫೋನು ಹಚ್ಚಿ ಅತ್ತೆಯ ಮುಂದೆ ಹಿಡಿದಳು.

"ಡಾಕ್ಟರಿಗಿ ನೀವ ಹೇಳ್ರಿ. ನಾ ಹೇಳಂಗಿಲ್ಲ."

ಗ್ರೇಸಬಾಯಿ ಹೇಳಿದಳು. ಆ ಕಡೆಯಿಂದ ಹಿಂದಿಯಲ್ಲಿ ಬೈಗುಳ ಸುರಿಯಿತು. ಯಾವ ಡಾಕ್ಟರಿನ ಮುಂದೆಯೂ ತಲೆ ತಗ್ಗಿಸದವಳು ಜೀ, ಜೀ ಎಂದು ಕೇಳಿಸಿಕೊಂಡಳು. ಸುಜಿ ಬಾಟಲಿಯನ್ನು ಮೋರಿಗೆ ಬಗ್ಗಿಸಿದಳು.

ಮರುದಿನದಿಂದ ಸುಜಿ ಹೊಸ ಪದ್ಧತಿ ಹಾಕಿದಳು. ಪಟ್ಟಿ ಕಟ್ಟಿ ಮುಗಿದ ಮೇಲೆ ಟೇಪಿನ ಅಂಚಿಗೆ ಪೆನ್ನಿನಿಂದ ಸಹಿ ಹಾಕುತ್ತಿದ್ದಳು, ಅರ್ಧ ಟೇಪಿನ ಮೇಲೆ, ಅರ್ಧ ಚರ್ಮದ ಮೇಲೆ. ಬಿಚ್ಚಿದರೆ ಗೆರೆ ಕೂಡುವುದಿಲ್ಲ. ಭಾಲ್ಕಿಯಲ್ಲಿ ಔಷಧಿ ಕಪಾಟಿಗೆ ಕಾಗದ ಅಂಟಿಸಿ ಗ್ರೇಸಬಾಯಿ ಹೀಗೇ ಸಹಿ ಹಾಕುತ್ತಿದ್ದಳು, ಕೈ ಕೆಳಗಿನವರು ಕಳ್ಳರೆಂದು. ಈಗ ಆಕೆಯೇ ಕಪಾಟಾದಳು. ಮಾನ ಹೋದಂತಾಯಿತು, ಆದರೂ ಕೈ ಎತ್ತಿ ನಿಂತಳು.

ಅತ್ತೆ ಸೊಸೆ ಒಂದಾದರೆಂದು ಯಾರಾದರೂ ತಿಳಿದರೆ ಅದು ತಪ್ಪು. ಚಹಾದಲ್ಲಿ ಸಕ್ಕರೆ ಬಿದ್ದುದಕ್ಕೆ, ನಲ್ಲಿ ತೆರೆದಿಟ್ಟದ್ದಕ್ಕೆ ಜಗಳ ಹಾಗೇ ನಡೆದಿತ್ತು. ಸುಜಿ ಅತ್ತೆಯ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದಳು, ಗಾಯ ನೋಡಿ ಮಾತಾಡುತ್ತಿದ್ದಳು. ಗಾಯ ಮಾತ್ರ ದಾರಿಗೆ ಬಂದಿತ್ತು. ಮೊದಲು ಹಸಿ ಬಟ್ಟೆಯ ಇಡೀ ತುಂಡು ನುಂಗುತ್ತಿದ್ದ ಕುಳಿ ಈಗ ಅರ್ಧ ತುಂಡಿಗೆ ಸಾಕೆನ್ನುತ್ತಿತ್ತು. ತಳ ಕೆಂಪಾಗಿ ಮೇಲೆ ಬರುತ್ತಿತ್ತು. ಹೀಗೇ ಇದ್ದರೆ ಮುಂದಿನ ತಿಂಗಳು ರೇಡಿಯೇಶನ್‌ಗೆ ತಾರೀಖು ಕೊಡುತ್ತೇನೆಂದು ಡಾಕ್ಟರ್ ಹೇಳಿದರು.

ಒಂದು ಬೆಳಿಗ್ಗೆ ಡ್ಯೂಟಿಗೆ ತಡವಾಗಿ ಸುಜಿ ಗಡಿಬಿಡಿಯಲ್ಲಿ ಪಟ್ಟಿ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು ಬಾಗಿಲಿಗೆ ಹೋದಳು. ಗ್ರೇಸಬಾಯಿ ಪೆನ್ನು ಹಿಡಿದು ಹಿಂದಿನಿಂದ ಬಂದಳು.

"ಸಹಿ ಹಾಕಿಲ್ಲ."

ಸುಜಿ ಬಹಳ ದಿನಗಳ ಮೇಲೆ ಅತ್ತೆಯ ಮುಖ ನೋಡಿದಳು. "ಇರಲಿ ಬಿಡ್ರಿ ಅತ್ತಿ. ಈಗ ನನಗ ಭರೋಸಾ ಅದ."

"ನಿನಗ ಇರಬಹುದು. ಮನಿ ಖಾಲಿ ಆಯ್ತಂದ್ರ ಈ ಕೈ ತಾನೇ ಅಲ್ಲಿಗಿ ಹೋಗ್ತದ. ಹಾಕು."

ಸುಜಿ ಹೆಲ್ಮೆಟ್ ತೆಗೆದಿಟ್ಟು, ಬಾಗಿಲು ಮುಚ್ಚಿ, ಸಹಿ ಹಾಕಿದಳು. ಪೆನ್ನು ಚರ್ಮದ ಮೇಲೆ ಹರಿದು ಮುಗಿಯುವ ತನಕ ಗ್ರೇಸಬಾಯಿ ಎಡಗೈ ಎತ್ತಿ, ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.